ಪೆಲಮ್ ಸಾಹೇಬರ ಬ್ಯಾಟು

ಚಹಾದ ಕಪ್ಪು ತೊಳೆದಿಟ್ಟು ಪೆವಿಲಿಯನ್ನಿನ ಮುಂದಿನ ಕೋಣೆಗೆ ಬಂದಾಗ ಗಾಜಿನ ಪೆಟ್ಟಿಗೆ ತೆರೆದಿತ್ತು. ವಾಲ್ಟರ್ ಪೆಲಮ್ ಅವರ ಬ್ಯಾಟು ಮೇಜಿನ ಮೇಲೆ ಮಲಗಿತ್ತು. ಅದರ ನಡುಮಧ್ಯೆ ಅಂಗೈಯಗಲದ ಕುಂಕುಮ. ಪಕ್ಕದಲ್ಲಿ ನಮ್ಮತ್ತೆ ಸುಶೀಲಾಬಾಯಿ ನಿಂತಿದ್ದರು. ಅವರ ಬೆರಳುಗಳು ಕೆಂಪಾಗಿದ್ದವು.

"ಅತ್ತಿ, ಇದೇನ ಮಾಡಿದಿರಿ?"

"ಯಾಕವಾ? ಇವತ್ತ ಖಂಡೇಪೂಜಿ ಅಲ್ಲೇನ?"

ಬೆಂಗಳೂರಿನವರು ಆಯುಧಪೂಜೆ ಎನ್ನುವುದನ್ನು ನಮ್ಮ ಧಾರವಾಡದ ಮನೆಯಲ್ಲಿ ಖಂಡೇಪೂಜೆ ಎನ್ನುತ್ತಾರೆ. ನನಗೆ ನೆನಪಿತ್ತು. ಆದರೆ ನನ್ನ ಗಂಡ ಶಶಿಧರ ತೀರಿಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ವರ್ಷ ತುಂಬುವ ತನಕ ಹಬ್ಬ ಬೇಡ ಎಂದು ನಾನೇ ಹೇಳಿದ್ದೆ. ನನ್ನ ಜೊತೆಗಿರಲೆಂದು ಧಾರವಾಡದಿಂದ ಬಂದಿದ್ದ ಅತ್ತೆ ಹೂಂ ಎಂದು ತಲೆಯಾಡಿಸಿದ್ದರು.

"ಹಬ್ಬ ಇಲ್ಲ ಅಂತ ಮಾತಾಗಿತ್ತಲ್ಲ."

"ಮನಿಯಾಗ ಇಲ್ಲ. ಮನಿಯಾಗ ನಾನು ಒಂದು ಊದಿನಕಡ್ಡೀನೂ ಹಚ್ಚಿಲ್ಲ. ಇದೇನ ಮನಿ ಅಲ್ಲಲ್ಲ."

"ಇದನ್ನ ಯಾರೂ ಮುಟ್ಟಬಾರದು ಅತ್ತಿ. ನೂರು ವರ್ಷದ ಹಳೇ ಬ್ಯಾಟು."

"ಅದಕ್ಕ ಮೊದಲ ಅದಕ್ಕ ಹಚ್ಚಿದೆ. ಹಿರೇರು ಇರೂಮುಂದ ಕಿರೇರಿಗೆ ಹೆಂಗ ಹಚ್ಚಲಿ?"

ಕುಂಕುಮದ ಕರಡಿಗೆ ಅವರ ಎಡಗೈಯಲ್ಲಿ ಇನ್ನೂ ತೆರೆದೇ ಇತ್ತು. ನಾನು ಕಸಿದುಕೊಂಡು ಮುಚ್ಚಿದೆ. ಎತ್ತರದ ದನಿಯಲ್ಲಿ ಏನೋ ಅಂದೆ. ಏನಂದೆ ಎಂಬುದು ಈಗ ನೆನಪಿಲ್ಲ. ಮೂಲೆಯಲ್ಲಿರುತ್ತಿದ್ದ ಶಶಿಯ ಕಿಟ್ ಬ್ಯಾಗು ಬೆಂಚಿನ ಹತ್ತಿರ ಬಂದಿತ್ತು. ಅದನ್ನು ಕಂಡೆ, ಯಾಕೆಂದು ಯೋಚಿಸಲಿಲ್ಲ.

ಒಣ ಬಟ್ಟೆಯಿಂದ ಒರೆಸಿದೆ. ಕೆಂಪು ಹೋಗಲಿಲ್ಲ, ಹರಡಿತು. ಅತ್ತೆ ಕುಂಕುಮವನ್ನು ನೀರಿನಲ್ಲಿ ಕಲಸಿರಲಿಲ್ಲ. ಕಿಟಕಿಯ ಮೇಲಿದ್ದ ಡಬ್ಬಿಯ ಎಣ್ಣೆಯಲ್ಲಿ ಕಲಸಿದ್ದರು. ಹುಡುಗರು ಚಳಿಗಾಲಕ್ಕೆ ಮುಂಚೆ ತಮ್ಮ ಬ್ಯಾಟುಗಳಿಗೆ ಹಚ್ಚುವ ಎಣ್ಣೆ ಅದು.

"ಮೂಸಿ ನೋಡಿದೆ. ಅಗಸಿ ಎಣ್ಣಿ. ಇಂಥಾ ಊರಾಗೂ ಅಗಸಿ ಎಣ್ಣಿ ಐತಿ ಅಂತ ಖುಷಿ ಆತು," ಎಂದರು ಅತ್ತೆ ಸಣ್ಣ ದನಿಯಲ್ಲಿ.

ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಒಣಗಿದ್ದ ಮರ. ಕೊಟ್ಟದ್ದನ್ನೆಲ್ಲ ಕುಡಿದುಬಿಟ್ಟಿತ್ತು.

ಶನಿವಾರ ಮಿಸೆಸ್ ಆಶ್‌ಬಿ ಬರುವವರಿದ್ದರು. ಅವರು ವಾಲ್ಟರ್ ಪೆಲಮ್ ಅವರ ಮೊಮ್ಮಗಳು. ಕ್ರೋಯ್ಡನ್‌ಗೂ ಸಟನ್‌ಗೂ ನಡುವೆ ಇರುವ ಈ ಮೈದಾನ ಅವರ ಕುಟುಂಬದ ಟ್ರಸ್ಟಿನದು. ಅದನ್ನು ಯಾರಿಗೆ ಕೊಡಬೇಕೆಂದು ಕೊನೆಯ ಮಾತು ಹೇಳುವವರು ಅವರೊಬ್ಬರೇ. ನಾಲ್ಕು ವರ್ಷದ ಹಿಂದೆ ಶಶಿ ಅವರ ಮನೆಗೆ ಹೋಗಿ, ಒಂದಿಡೀ ಮಧ್ಯಾಹ್ನ ಮಾತಾಡಿ, ನಮ್ಮ ಕನ್ನಡ ಇಲೆವೆನ್ ತಂಡಕ್ಕೆ ಇದನ್ನು ಕೇಳಿ ತಂದಿದ್ದ. ಅವಧಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಹತ್ತಿರದ ಒಂದು ಖಾಸಗಿ ಶಾಲೆಯೂ ಕೇಳಿತ್ತು. ಅವರು ಸುತ್ತ ಬೇಲಿ ಹಾಕುತ್ತಾರೆ, ಪೆವಿಲಿಯನ್ ಕೆಡವುತ್ತಾರೆ ಎಂಬ ಸುದ್ದಿ ಇತ್ತು.

ಅಂದು ಮಿಸೆಸ್ ಆಶ್‌ಬಿ ಹಾಕಿದ್ದು ಒಂದೇ ಷರತ್ತು. ಅಜ್ಜನ ಬ್ಯಾಟು ಈ ಕೋಣೆಯಲ್ಲೇ ಇರಬೇಕು, ಜೋಪಾನವಾಗಿರಬೇಕು. ಶಶಿ ಹೇಳಿದ್ದನಂತೆ, "ನಮ್ಮ ದೇವರ ಕೋಣೆಯಲ್ಲಿಟ್ಟ ಹಾಗೆ ನೋಡಿಕೊಳ್ಳುತ್ತೇವೆ." ಮನೆಗೆ ಬಂದು ಆ ಮಾತನ್ನು ನನಗೆ ಎರಡು ಸಲ ಹೇಳಿ ನಕ್ಕಿದ್ದ. ನಮ್ಮ ಫ್ಲ್ಯಾಟಿನಲ್ಲಿ ದೇವರ ಕೋಣೆ ಎಂದರೆ ಮೈಕ್ರೋವೇವ್ ಪಕ್ಕದ ಒಂದು ಹಲಗೆ.

ಜೂನ್‌ನಲ್ಲಿ, ಕೆಲಸ ಮುಗಿಸಿ ಬರುವಾಗ, ಈಸ್ಟ್ ಕ್ರೋಯ್ಡನ್ ಪ್ಲಾಟ್‌ಫಾರ್ಮಿನಲ್ಲಿ ಅವನು ಕುಸಿದ. ಮೂವತ್ತಾರು ವರ್ಷ. ಅದರಾಚೆ ನನಗೆ ಬರೆಯಲಾಗುವುದಿಲ್ಲ. ಅವನದೆಂದು ನನಗೆ ಉಳಿದಿರುವ ಜಾಗ ಈ ಮೈದಾನ. ಫ್ಲ್ಯಾಟಿನಲ್ಲಿ ಅವನು ಮಲಗುತ್ತಿದ್ದ, ಅಷ್ಟೇ. ಇಲ್ಲಿ ಅವನು ಕೂಗುತ್ತಿದ್ದ, ಜಗಳವಾಡುತ್ತಿದ್ದ, ಹುಲ್ಲಿನ ಮೇಲೆ ಬೆನ್ನು ಹಚ್ಚಿ ಬಿದ್ದುಕೊಳ್ಳುತ್ತಿದ್ದ. ವಾರಕ್ಕೆರಡು ಸಲ ಬಂದು ಈ ಕೋಣೆ ಗುಡಿಸುತ್ತೇನೆ. ಬೇಲಿ ಬಿದ್ದರೆ ಆ ನೆಪವೂ ಇಲ್ಲ.

ವಿಕಾಸನಿಗೆ ಫೋನ್ ಮಾಡಿದೆ. ಕುಂದಾಪುರದವನು. ಕ್ರೋಯ್ಡನ್‌ನ ಒಂದು ಹೋಟೆಲಿನಲ್ಲಿ ಅಡುಗೆ. ಶಶಿಯ ನಂತರ ಅವನೇ ತಂಡದ ನಾಯಕ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ, ಏಪ್ರನ್ ಕೂಡ ಬಿಚ್ಚದೆ ಬಂದ.

"ಎಂತ ಅತ್ತಿಗೆ ಇದು ಮಾರಾಯ್ರೆ! ಹೋಳಿ ಆಡಿದ ಹಾಂಗೆ ಉಂಟಲ್ಲ."

ಅತ್ತೆ ಗೋಡೆಗೆ ಆತು ಕೂತಿದ್ದರು. ವಿಕಾಸ ಅವರನ್ನು ನೋಡಿ ದನಿ ಇಳಿಸಿದ.

"ಹೋಗ್ಲಿ ಬಿಡಿ ಅಮ್ಮ. ಚಕ್ರದ ಅಡಿ ನಿಂಬೆಹಣ್ಣು ಇಡ್ತಾರಲ್ಲ, ಹಾಂಗೆ ಇಟ್ಟು ಇದರ ಮೇಲೆ ರೋಲರ್ ಹತ್ತಿಸ್ಲಿಲ್ಲ ನೀವು. ಅದೇ ಪುಣ್ಯ."

ಅತ್ತೆ ನಗಲಿಲ್ಲ.

ಅವನು ಸೋಪಿನ ನೀರಿನಲ್ಲಿ ಹತ್ತಿ ಅದ್ದಿ ಉಜ್ಜಿದ. ಕೆಂಪು ಗುಲಾಬಿಯಾಗಿ, ಮರದ ಗೆರೆಗಳೊಳಗೆ ಇಳಿದು, ಅಲ್ಲೇ ನಿಂತಿತು. ಮರಳುಕಾಗದ ಹಾಕಲೇ ಎಂದ. ಬೇಡವೆಂದೆ. ಆ ಮೈ ಮೇಲೆ ಚೆಂಡು ಬಿದ್ದ ಗುರುತುಗಳಿದ್ದವು. ಅವನ್ನೂ ಉಜ್ಜಿ ತೆಗೆದರೆ ಉಳಿಯುವುದು ಬರೀ ಹಲಗೆ.

ವಿಕಾಸ ಬೆಂಚಿನ ಮೇಲೆ ಕೂತು ಮೊಣಕಾಲು ಅಲ್ಲಾಡಿಸಿದ.

"ಒಂದು ದಾರಿ ಉಂಟು. ನಮ್ಮ ಹೋಟೆಲಿನ ಎದುರು ಪಬ್ ಉಂಟಲ್ಲ, ಅದರ ಗೋಡೆ ಮೇಲೆ ಇಂಥದ್ದೇ ಒಂದು ತೂಗು ಹಾಕಿದ್ದಾರೆ. ಅದೇ ಬಣ್ಣ, ಹಿಡಿಗೆ ಅದೇ ದಾರ. ಅಲ್ಲಿನ ಮ್ಯಾನೇಜರ್ ದಿನಾ ನಮ್ಮಲ್ಲಿ ಮಸಾಲೆ ದೋಸೆ ತಿನ್ನುವ ಗಿರಾಕಿ. ಎರಡು ದಿನಕ್ಕೆ ಕೇಳಿದ್ರೆ ಕೊಡದೆ ಎಲ್ಲಿಗೆ ಹೋಗ್ತಾನೆ?"

"ಅದು ಸುಳ್ಳಾಗುವುದಿಲ್ಲವಾ?"

"ಸುಳ್ಳು ಹೇಳುವುದು ಯಾರು? ನಾವು ಬಾಯಿಯೇ ತೆರೆಯುವುದಿಲ್ಲ. ಆ ಅಜ್ಜಿಗೆ ಎಂಬತ್ತೆಂಟು. ಗಾಜಿನ ಒಳಗೆ ಕಂದು ಬಣ್ಣದ್ದು ಒಂದು ಕಂಡ್ರೆ ಸಾಕು. ಶಶಿಯಣ್ಣ ಕಷ್ಟಪಟ್ಟು ತಂದ ಗ್ರೌಂಡ್ ಅತ್ತಿಗೆ. ಒಂದು ಬೊಟ್ಟು ಕುಂಕುಮಕ್ಕೆ ಕಳ್ಕೊಳ್ಳುವುದಾ?"

ನಾನು ಹೂಂ ಅನ್ನಲಿಲ್ಲ. ಉಹುಂ ಎಂದೂ ಅನ್ನಲಿಲ್ಲ. ಜೂನ್‌ನಿಂದ ಹೀಗೆಯೇ ಆಗಿದೆ. ಯಾರಾದರೂ ನಿರ್ಧರಿಸಿದರೆ ಅದರ ಹಿಂದೆ ನಡೆದುಬಿಡುತ್ತೇನೆ. ಅತ್ತೆ ತಮ್ಮ ಹಳೆಯ ಕಾಟನ್ ಶಾಲಿನಲ್ಲಿ ಪೆಲಮ್ ಅವರ ಬ್ಯಾಟನ್ನು ಸುತ್ತಿದರು. ಅದನ್ನು ಕಪಾಟಿನ ಕೆಳಗಿನ ಅರೆಯಲ್ಲಿಟ್ಟು ಬಾಗಿಲು ಹಾಕಿದೆ.

ಮರುದಿನ ಫ್ಲ್ಯಾಟಿನಲ್ಲಿ ಕೂತು ಪೆಲಮ್ ಅವರ ಬದುಕನ್ನು ಬರೆದು ಮುಗಿಸಲು ನೋಡಿದೆ. ಗೋಡೆಗೆ ಹಾಕಲು ಎರಡು ಪುಟ ಬೇಕು ಎಂದು ಮಿಸೆಸ್ ಆಶ್‌ಬಿ ಕೇಳಿದ್ದರು. ಶನಿವಾರ ಅವರ ಎದುರು ಓದಬೇಕಿತ್ತು. 'ನನ್ನ ಹೆಂಡತಿ ಇತಿಹಾಸದಲ್ಲಿ ಎಂ.ಎ.' ಎಂದು ಶಶಿ ಹೆಮ್ಮೆಯಿಂದ ಒಪ್ಪಿಕೊಂಡು ಬಂದಿದ್ದ ಕೆಲಸ.

ಪೆಲಮ್ ಹುಟ್ಟಿದ್ದು ೧೮೮೫ರಲ್ಲಿ, ಕಲ್ಲಿದ್ದಲು ವ್ಯಾಪಾರಿಯ ಮಗನಾಗಿ. ಐದು ಬೇಸಿಗೆ ಕೌಂಟಿ ತಂಡಕ್ಕೆ ಆಡಿದರು. ದೊಡ್ಡ ಆಟಗಾರರಲ್ಲ. ಬಹಳ ನಿಧಾನ. ಅವರು ಆಡಲು ಇಳಿದರೆ ಜನ ಊಟದ ಡಬ್ಬಿ ತೆರೆಯುತ್ತಿದ್ದರು ಎಂದು ಆಗಿನ ಪತ್ರಿಕೆಯೊಂದು ಬರೆದಿದೆ. ಆದರೆ ಅವರನ್ನು ಔಟ್ ಮಾಡುವುದು ಕಷ್ಟವಿತ್ತು. ಯುದ್ಧ ಶುರುವಾದಾಗ ಸೈನ್ಯ ಸೇರಿದರು. ಅವರ ದಳವನ್ನು ಮೊದಲು ಕಳಿಸಿದ್ದು ಹಿಂದುಸ್ಥಾನಕ್ಕೆ. ಕೆಲವು ತಿಂಗಳು ಬೆಳಗಾವಿಯ ಕ್ಯಾಂಪಿನಲ್ಲಿದ್ದರು. ನನ್ನ ತವರುಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಅಲ್ಲಿಂದ ಮೆಸೊಪೊಟೇಮಿಯಾ. ಅಲ್ಲಿ ಬಲಗೈಯ ಎರಡು ಬೆರಳು ಹೋದವು. ೧೯೧೮ರ ಇನ್‌ಫ್ಲುಯೆಂಜಾದಲ್ಲಿ ಇಲ್ಲಿ ಅವರ ಹೆಂಡತಿ ತೀರಿಕೊಂಡರು. ಮರುವರ್ಷ ಅವರು ಮರಳಿದಾಗ ಮನೆಯಲ್ಲಿ ತಾಯಿ ಇದ್ದರು, ನಾಲ್ಕು ವರ್ಷದ ಮಗನಿದ್ದ.

ಆಮೇಲೆ ಅವರು ಕಾಣಿಸುವುದು ೧೯೨೨ರಲ್ಲಿ. ವ್ಯಾಂಡಲ್ ಹೊಳೆಯ ದಂಡೆಯಲ್ಲಿ ಒಂದು ಶೆಡ್ಡು. ಮುಂಬಯಿಯಿಂದ ಹಡಗಿನಲ್ಲಿ ಬರುತ್ತಿದ್ದ ಅಗಸೆಯನ್ನು ತರಿಸಿ ಎಣ್ಣೆ ತೆಗೆಯುವುದು. ಎಣ್ಣೆಯಿಂದ ಬಣ್ಣ, ವಾರ್ನಿಶ್. ಹತ್ತು ವರ್ಷದಲ್ಲಿ ಅದು ದೊಡ್ಡ ಕಾರ್ಖಾನೆಯಾಯಿತು. ಕೆಲಸಗಾರರು ಆಡಲಿ ಎಂದು ಈ ಮೈದಾನ ಕೊಂಡರು. ತಾವು ಮತ್ತೆ ಒಂದು ಚೆಂಡನ್ನೂ ಆಡಲಿಲ್ಲ. ೧೯೫೮ರಲ್ಲಿ ತೀರಿಕೊಂಡರು.

ನಡುವಿನ ಮೂರು ವರ್ಷ ಎಲ್ಲಿಯೂ ಸಿಗಲಿಲ್ಲ. ಲೈಬ್ರರಿಯಲ್ಲಿ ಹುಡುಕಿದೆ, ಕೌನ್ಸಿಲಿನವರಲ್ಲಿ ಕೇಳಿದೆ. 'ಯುದ್ಧದ ದಣಿವಾರಿಸಿಕೊಂಡ ಬಳಿಕ' ಎಂದು ಒಂದು ವಾಕ್ಯ ಬರೆದೆ. ಹೊಡೆದು ಹಾಕಿದೆ. ಆ ದಣಿವನ್ನು ಯಾರು ಆರಿಸಿಕೊಂಡಿದ್ದಾರೆ?

ಅಡುಗೆಮನೆಯಲ್ಲಿ ಅತ್ತೆ ಚಪಾತಿ ಮಾಡುತ್ತಿದ್ದರು. ಹಿಂದಿನ ದಿನದಿಂದ ಅವರು ಸರಿಯಾಗಿ ಮಾತಾಡಿರಲಿಲ್ಲ. ನಾನು ಕೂಗಿದ್ದು ಮನಸ್ಸಿಗೆ ಹತ್ತಿದೆ ಅಂದುಕೊಂಡೆ. ಧಾರವಾಡದಿಂದ ಮಾವ ಅಮೃತಪ್ಪನವರು ಫೋನ್ ಮಾಡಿದಾಗಲೂ, "ಆರಾಮ ಅದೇವಿ," ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟರು.

"ಶನಿವಾರ ನಾನೂ ಬರತೇನಿ," ಎಂದರು ಒಮ್ಮೆಲೇ.

"ಬ್ಯಾಡ ಅತ್ತಿ. ನಿಮಗ ಅಲ್ಲೇನ ಕೆಲಸ?"

"ನನ್ನ ಕೆಲಸ ಅಲ್ಲೇ ಉಳದೈತಿ. ಬರತೇನಿ."

ಶುಕ್ರವಾರ ಸಂಜೆ ವಿಕಾಸ ಪಬ್ಬಿನ ಬ್ಯಾಟು ತಂದು ಪೆಟ್ಟಿಗೆಯಲ್ಲಿಟ್ಟ. ದೂರದಿಂದ ನೋಡಿದರೆ ಅದೇ. ಹತ್ತಿರದಿಂದ ಬಿಯರಿನ ವಾಸನೆ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕೋಟಿನ ಜೇಬಿಗೆ ಹಾಕಿದೆ. ಆಮೇಲೆ ಬಸ್ಸಿನಲ್ಲಿ ಕೂತಾಗ ಅದು ಇದೆಯೇ ಎಂದು ಮುಟ್ಟಿ ನೋಡಿದೆ, ಲಿಫ್ಟಿನಲ್ಲಿ ಮುಟ್ಟಿ ನೋಡಿದೆ. ಏನು ಕೇಳಬಹುದು ಆ ಮುದುಕಿ? ಕೈಯಲ್ಲಿ ಹಿಡಿಯಬೇಕು ಎಂದರೆ? ಬೀಗ ತುಕ್ಕು ಹಿಡಿದಿದೆ ಎನ್ನಬಹುದೇ? ಉತ್ತರ ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತು. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಹೋಗಿ ಕೋಟಿನ ಜೇಬನ್ನು ಮತ್ತೆ ಮುಟ್ಟಿ ನೋಡಿದೆ. ತಿಂಗಳುಗಳ ನಂತರ ಮೈಯಲ್ಲಿ ಏನೋ ಒಂದು ನಡೆಯುತ್ತಿತ್ತು. ಅದು ಭಯ.

ಮಿಸೆಸ್ ಆಶ್‌ಬಿ ಒಬ್ಬರೇ ಟ್ಯಾಕ್ಸಿಯಲ್ಲಿ ಬಂದರು. ಸಪೂರ ಮೈ, ಕೋಲು, ಮಣ್ಣು ಮೆತ್ತಿದ ಗಟ್ಟಿ ಬೂಟು. ನನ್ನ ಕೈ ಹಿಡಿದು, ಇಂಗ್ಲಿಷಿನಲ್ಲಿ, "ನಿಮ್ಮ ಗಂಡ ತುಂಬ ಮಾತಾಡುತ್ತಿದ್ದ. ನನಗೆ ಇಷ್ಟವಾಗಿದ್ದ," ಎಂದರು. ಅಷ್ಟೇ. ಅಷ್ಟಕ್ಕೇ ನಿಲ್ಲಿಸಿದವರು ಅವರೊಬ್ಬರು.

ವಿಕಾಸ ಚಹಾ ತಂದ. ಕೋಡುಬಳೆ ಇಟ್ಟ. ಅವರು ಒಂದನ್ನು ಮುರಿದು ತಿಂದು, ಇದು ಹಲ್ಲಿದ್ದವರಿಗೆ ಎಂದು ಉಳಿದದ್ದನ್ನು ಸಾಸರಿನಲ್ಲಿಟ್ಟರು. ನಾನು ಎರಡು ಪುಟ ಓದಿದೆ. ಊಟದ ಡಬ್ಬಿಯ ಮಾತು ಬಂದಾಗ ನಕ್ಕರು. ಹೆಂಡತಿಯ ಸಾವು ಬಂದಾಗ ಕಿಟಕಿಯ ಹೊರಗೆ ನೋಡಿದರು.

"೧೯೧೯ರಿಂದ ಒಮ್ಮೆಗೇ ೧೯೨೨ಕ್ಕೆ ಹಾರಿದಿರಿ," ಎಂದರು.

"ನನಗೆ ಏನೂ ಸಿಗಲಿಲ್ಲ. ಖಾಲಿ ಬಿಟ್ಟಿದ್ದೇನೆ."

ಅವರು ಕೋಲು ಊರಿ ಎದ್ದು ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಬಹಳ ಹೊತ್ತು ನಿಂತರು. ವಿಕಾಸ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ಆಯಿತು ಎನ್ನುವ ಹಾಗೆ.

"ತೆಗೆಯಿರಿ. ಒಮ್ಮೆ ಕೈಯಲ್ಲಿ ಹಿಡಿಯುತ್ತೇನೆ. ಮುಂದಿನ ಸಲ ಎಂಬುದು ನನಗೆ ಇರುತ್ತದೋ ಇಲ್ಲವೋ."

ವಿಕಾಸ ಛಾವಣಿ ನೋಡತೊಡಗಿದ. ಕೀಲಿ ನನ್ನ ಜೇಬಿನಲ್ಲಿತ್ತು. ತೆಗೆದೆ. ಬೀಗಕ್ಕೆ ತುಕ್ಕು ಹಿಡಿದಿರಲಿಲ್ಲ. ಪೆಟ್ಟಿಗೆ ತೆರೆದುಕೊಂಡಿತು. ಅವರು ಎರಡೂ ಕೈ ಮುಂದೆ ಚಾಚಿದರು, ಕೂಸನ್ನು ಇಸಿದುಕೊಳ್ಳುವವರ ಹಾಗೆ. ಪಬ್ಬಿನ ಬ್ಯಾಟನ್ನು ನಾನು ಅರ್ಧ ಎತ್ತಿದ್ದೆ.

"ಅನ್ವಿತಾ, ಕೊಡಬ್ಯಾಡ."

ಅತ್ತೆ ಎದ್ದು ನಿಂತಿದ್ದರು.

"ಅದನ್ನ ಕೊಡಬ್ಯಾಡ ಆಕಿಗೆ. ಅದು ಅವರ ಅಜ್ಜಂದಲ್ಲ. ಸತ್ತವರ ಸಾಮಾನ ಅಂತ ಹೇಳಿ ಯಾರದ್ದೋ ಒಂದು ಕೈಯಾಗ ಕೊಟ್ರ, ಆಕಿ ಅದನ್ನ ಹಿಡಕೊಂಡು ಅಳತಾಳ. ಪರರ ಸಾಮಾನ ಹಿಡಕೊಂಡು ಅಳೂಹಂಗ ಮಾಡಬಾರದವಾ. ಅಂಥಾ ಪಾಪ ಇನ್ನೊಂದಿಲ್ಲ."

ಮಿಸೆಸ್ ಆಶ್‌ಬಿಯ ಕೈಗಳು ಚಾಚಿದಂತೆಯೇ ಇದ್ದವು.

"ಅವರು ಏನು ಹೇಳಿದರು?"

"ಭಾರ ಉಂಟು, ಜಾಗ್ರತೆ ಅಂದರು," ಎಂದು ವಿಕಾಸ ಇಂಗ್ಲಿಷಿನಲ್ಲಿ ನಡುವೆ ಬಾಯಿ ಹಾಕಿದ.

"ನಿನ್ನನ್ನು ಕೇಳಲಿಲ್ಲ." ಅವರು ನನ್ನನ್ನೇ ನೋಡುತ್ತಿದ್ದರು.

ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವರು ವಿಕಾಸ, ನಾನು. ವಿಕಾಸನದು ಮುಗಿದಿತ್ತು. ಕಿಟಕಿಯ ಹೊರಗೆ ಮೈದಾನ ಖಾಲಿ ಬಿದ್ದಿತ್ತು. ನಡುವಿನ ಪಿಚ್ಚಿಗೆ ಚಳಿಗಾಲದ ಹುಲ್ಲಿನ ಬೀಜ ಹಾಕಿ ಸುತ್ತ ಹಗ್ಗ ಕಟ್ಟಿದ್ದರು. ಹೋಯಿತು ಅಂದುಕೊಂಡೆ. ಆಮೇಲೆ ಅತ್ತೆ ಹೇಳಿದ್ದನ್ನು, ಒಂದು ಮಾತೂ ಬಿಡದೆ, ಇಂಗ್ಲಿಷಿನಲ್ಲಿ ಹೇಳಿದೆ. ಖಂಡೇಪೂಜೆಯ ಕುಂಕುಮದ, ಪಬ್ಬಿನ ವಿಷಯವನ್ನೂ ಹೇಳಿದೆ.

ಮಿಸೆಸ್ ಆಶ್‌ಬಿಯ ಕತ್ತು ಕೆಂಪಾಯಿತು.

"ಅಜ್ಜನದು ಎಲ್ಲಿ?"

ಕಪಾಟಿನಿಂದ ತಂದು ಮೇಜಿನ ಮೇಲೆ ಶಾಲು ಬಿಚ್ಚಿದೆ. ಕುಂಕುಮ ಈಗ ಮಬ್ಬಾಗಿ, ಹಳೆಯ ಗಾಯದ ಬಣ್ಣಕ್ಕೆ ತಿರುಗಿತ್ತು. ಅವರು ಬೆರಳಿಂದ ಮುಟ್ಟಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಹಿಡಿದೇ ಇದ್ದರು.

"ಯಾರು ಎಣ್ಣೆ ಹಚ್ಚಿದ್ದು?"

ಅತ್ತೆಗೆ ಇದು ಭಾಷೆಯಿಲ್ಲದೆಯೇ ತಿಳಿಯಿತು. ತಮ್ಮ ಎದೆಯ ಮೇಲೆ ಕೈಯಿಟ್ಟರು.

"ಅಜ್ಜ ಹೋದ ಮೇಲೆ ಇದಕ್ಕೆ ಯಾರೂ ಎಣ್ಣೆ ಹಚ್ಚಿರಲಿಲ್ಲ." ಮಿಸೆಸ್ ಆಶ್‌ಬಿ ಕುರ್ಚಿ ಎಳೆದು ಕೂತರು. "ಆ ಮೂರು ವರ್ಷ ಸಿಗಲಿಲ್ಲ ಎಂದಿರಲ್ಲ. ಅಜ್ಜ ಏನೂ ಮಾಡಲಿಲ್ಲ. ತೋಟದ ಶೆಡ್ಡಿನಲ್ಲಿ ಕೂತು ಇದಕ್ಕೆ ಎಣ್ಣೆ ಹಚ್ಚುತ್ತಿದ್ದರಂತೆ. ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಆಡಲು ಬೆರಳಿರಲಿಲ್ಲ. ಮಗನ ಜೊತೆಗೂ ಮಾತಿರಲಿಲ್ಲ, ಆ ಮಗ ನನ್ನಪ್ಪ. ಎಣ್ಣೆ ಮುಗಿಯುತ್ತಿತ್ತು, ತರಿಸುತ್ತಿದ್ದರು. ಕೊನೆಗೊಂದು ದಿನ ಎದ್ದು ಹೊರಗೆ ಹೋದದ್ದು ಒಳ್ಳೆಯ ಎಣ್ಣೆ ಎಲ್ಲಿ ಸಿಗುತ್ತದೆಂದು ಕೇಳಲು. ಊರಿನವರು ಅದನ್ನು ವ್ಯಾಪಾರದ ಬುದ್ಧಿ ಎಂದರು."

"ಇದನ್ನು ಬರೆಯಲೇ?"

"ಬೇಡ. ನೀವು ಖಾಲಿ ಬಿಟ್ಟದ್ದೇ ಸರಿ."

ಎದ್ದರು. ವಿಕಾಸನತ್ತ ಕೋಲು ಎತ್ತಿದರು.

"ನನ್ನನ್ನು ಮೂರ್ಖಳೆಂದುಕೊಂಡದ್ದು ಇವನೇ?"

"ಹೌದು ಮೇಡಂ," ಎಂದ ವಿಕಾಸ. ಅವನ ಕೈ ತಾನಾಗಿಯೇ ಮೇಲೆ ಹೋಯಿತು, ಶಾಲೆಯಲ್ಲಿದ್ದ ಹಾಗೆ.

"ಬ್ಯಾಟು ನನ್ನ ಜೊತೆ ಬರುತ್ತದೆ. ಅದರ ಜಾಗದಲ್ಲಿ ಇನ್ನೊಂದನ್ನು ಇಡುವವರ ಬಳಿ ನಾನು ಅದನ್ನು ಬಿಡಲಾರೆ." ಅವರು ಕೋಟಿನ ಗುಂಡಿ ಹಾಕಿಕೊಂಡರು, ಒಂದೊಂದಾಗಿ. "ಶಾಲೆಯವರಿಗೆ ಈ ವರ್ಷ ಇಲ್ಲ ಎನ್ನುತ್ತೇನೆ. ಒಂದೇ ವರ್ಷ, ನೆನಪಿರಲಿ. ಮುಂದಿನ ಅಕ್ಟೋಬರಿನಲ್ಲಿ ಬಂದು ನೋಡುತ್ತೇನೆ, ಆಮೇಲೆ ಮಾತು."

ನಾನು ಥ್ಯಾಂಕ್ಸ್ ಎನ್ನಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ದೇವರ ಕೋಣೆಯಲ್ಲಿಟ್ಟ ಹಾಗೆ ಎಂದಿದ್ದ ನಿಮ್ಮ ಗಂಡ. ಅಲ್ಲಿ ನೀವು ಏನು ಮಾಡುತ್ತೀರಿ ಎಂದು ನಾನು ಕೇಳಿರಲಿಲ್ಲ. ಕೇಳಬೇಕಿತ್ತು."

ಅತ್ತೆ ನನ್ನ ತೋಳು ಸೆಳೆದು, "ಏನಂತಾಳ?" ಎಂದರು. ಹೇಳಿದೆ.

"ಹಂಗಾರ ವರ್ಷಕ್ಕೊಮ್ಮೆ ತಪ್ಪದಂಗ ಹಚ್ಚು ಅಂತ ಹೇಳು. ಅರಿಶಿಣಾನೂ ಬೇಕು."

"ಅತ್ತಿ, ಸಾಕು."

ಟ್ಯಾಕ್ಸಿ ಹೋಯಿತು. ಬ್ಯಾಟು ಅತ್ತೆಯ ಶಾಲಿನ ಜೊತೆಗೇ ಹೋಯಿತು. ವಿಕಾಸ ಪಬ್ಬಿನದನ್ನು ಕಂಕುಳಲ್ಲಿಟ್ಟುಕೊಂಡು, "ಒಂದು ವರ್ಷ ಸಿಕ್ಕಿತಲ್ಲ ಅತ್ತಿಗೆ, ಸಾಕು ಮಾರಾಯ್ರೆ," ಎಂದು ಮೂರು ಸಲ ಹೇಳಿ, ಸಂಜೆಯ ಕೆಲಸಕ್ಕೆ ಓಡಿದ.

ಕಪ್ಪುಗಳನ್ನು ತೊಳೆದು ಬಂದೆ. ಅತ್ತೆ ಕೋಟು ಹಾಕಿಕೊಂಡಿರಲಿಲ್ಲ. ಖಾಲಿ ಪೆಟ್ಟಿಗೆಯ ಎದುರಿನ ಬೆಂಚಿನಲ್ಲಿ ಕೂತಿದ್ದರು. ಕಾಲ ಬಳಿ ಶಶಿಯ ಕಿಟ್ ಬ್ಯಾಗಿತ್ತು.

"ನಡೀರಿ ಅತ್ತಿ. ಬಸ್ಸಿಗೆ ಹೊತ್ತಾತು."

"ಅವರ ಅಜ್ಜಂದು ಆತು," ಎಂದರು. "ನನ್ನ ಮಗಂದು ಹಂಗ ಉಳೀತು. ಅವತ್ತ ಇದನ್ನ ತಗೀಬೇಕು ಅನ್ನೂದರೊಳಗ ನೀ ಬಂದಿ."

ಜೂನ್‌ನಲ್ಲಿ ಅವನಾಡಿದ ಕೊನೆಯ ಆಟದ ನಂತರ ಆ ಬ್ಯಾಗನ್ನು ಯಾರೂ ತೆರೆದಿರಲಿಲ್ಲ. ನಾನು ಅದರ ಸುತ್ತ ಗುಡಿಸುತ್ತಿದ್ದೆ. ಈಗ ಮಂಡಿಯೂರಿ ಜಿಪ್ಪು ಎಳೆದೆ. ಬೆವರು, ರಬ್ಬರು, ಒಣಹುಲ್ಲಿನ ವಾಸನೆ ಬಂತು. ಬ್ಯಾಟು ಅಡಿಯಲ್ಲಿತ್ತು. ತೆಗೆದು ಅವರ ತೊಡೆಯ ಮೇಲಿಟ್ಟೆ. ಅಂಚಿನಲ್ಲಿ ಮರ ಸಣ್ಣಗೆ ಬಿರಿಯಲು ಶುರುವಾಗಿತ್ತು.

"ಒಣಗೇತಿ," ಎಂದರು ಅತ್ತೆ.

ನಾನು ಕಸಿದುಕೊಂಡಿದ್ದ ಕುಂಕುಮದ ಕರಡಿಗೆ ಬುಧವಾರದಿಂದ ನನ್ನ ಕೋಟಿನ ಒಳಜೇಬಿನಲ್ಲೇ ಇತ್ತು. ಅದನ್ನು ಅವರ ಕೈಗೆ ಕೊಟ್ಟೆ. ಕಿಟಕಿಯ ಮೇಲಿಂದ ಎಣ್ಣೆಯ ಡಬ್ಬಿ ಇಳಿಸಿದೆ. ಮುಚ್ಚಳ ಅಂಟಿಕೊಂಡಿತ್ತು. ನಾನು ಡಬ್ಬಿ ಹಿಡಿದೆ, ಅವರು ಸೆರಗು ಸುತ್ತಿ ಮುಚ್ಚಳ ತಿರುವಿದರು.